ಠಾಣೆಯ ಕೆರೆಯ ದಂಡೆಯಲ್ಲಿ ನೃಪತುಂಗ

ಹೊರನಾಡ ಕನ್ನಡಿಗರಾದ ನಮಗೆ ಇತಿಹಾಸವೆಂದರೆ ಹಂಪಿ, ಬಾದಾಮಿ, ಬೇಲೂರು. ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ತೋರಿಸಬೇಕಾದ ದೂರದ ವೈಭವ. ನಿತ್ಯವೂ ಹತ್ತಿ ಇಳಿಯುವ ಠಾಣೆ ಮಾತ್ರ ನಮ್ಮ ಪಾಲಿಗೆ ಬರಿಯ ನಿಲ್ದಾಣ. ಹೆಚ್ಚೆಂದರೆ 1853ರಲ್ಲಿ ಬೋರಿಬಂದರದಿಂದ ಹೊರಟ ಮೊದಲ ರೈಲು ಬಂದು ನಿಂತ ಊರು.

ಆ ನಿಲ್ದಾಣದಿಂದ ಒಮ್ಮೆ ಮಾಸುಂದಾ ಕೆರೆಯತ್ತ ನಡೆದು ನೋಡಬೇಕು. ದಂಡೆಯಲ್ಲಿ ಕೋಪಿನೇಶ್ವರನ ಗುಡಿ. ಸಮೀಪದಲ್ಲೇ ಪೋರ್ಚುಗೀಸರ ಕಾಲದ ಇಗರ್ಜಿ. ಹಳೆಯ ಪೇಟೆಯಲ್ಲಿ ಮಸೀದಿ. ಟೇಂಭಿ ನಾಕಾದಲ್ಲಿ ಬೆನೆ ಇಸ್ರೇಲಿ ಯೆಹೂದಿಗಳು 1879ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರ. ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿವೆ.

ಈ ಊರೇ ಉತ್ತರ ಕೊಂಕಣದ ಶಿಲಾಹಾರರ ಸ್ಥಾನಕ. ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರು. ಕಾನ್ಹೇರಿಯ ಗುಹೆಯಲ್ಲಿ ಶಕ 775 ಎಂದು ಕಾಲ ನಮೂದಿಸಿದ ಶಾಸನವೊಂದಿದೆ. ಅದರಲ್ಲಿ ಸಾರ್ವಭೌಮ ಅಮೋಘವರ್ಷ, ಮಾಂಡಲಿಕ ಕಪರ್ದಿ. ದಾನಿ ಗೌಡದೇಶದಿಂದ ಬಂದ ಬೌದ್ಧ ಉಪಾಸಕ ಅವಿಘ್ನಾಕರ. ದಾನ 100 ದ್ರಮ್ಮ. ಜೈನಮುನಿ ಜಿನಸೇನರನ್ನು ಗೌರವಿಸಿದ ದೊರೆಯ ನಾಡಿನಲ್ಲಿ ವಂಗದ ಭಕ್ತನೊಬ್ಬ ಕೊಂಕಣದ ಭಿಕ್ಷುಗಳಿಗೆ ನೆರವಾದನು. ಪರಮತವನ್ನು ತಾಳಿಕೊಳ್ಳುವುದೇ ದೊಡ್ಡ ಐಶ್ವರ್ಯವೆಂದು ಬಗೆದ ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ. ರಾಷ್ಟ್ರಕೂಟರು ಅಳಿದ ಮೇಲೂ ಶಿಲಾಹಾರ ಅಪರಾಜಿತನು 997ರ ಭಾದಾನ ತಾಮ್ರಪಟದಲ್ಲಿ ಅವರ ವಂಶಾವಳಿಯನ್ನು ಹೇಳಿ, ಅವರ ಪತನಕ್ಕೆ ಮರುಗಿದ್ದಾನೆ.

ಇಷ್ಟು ಕೇಳಿದೊಡನೆ ‘ಹಾಗಾದರೆ ಠಾಣೆಯೂ ನಮ್ಮದೇ’ ಎಂದು ಎದೆಯುಬ್ಬಿಸುವವರು ನಮ್ಮಲ್ಲಿಲ್ಲದಿಲ್ಲ. ಆದರೆ ಆ ಕಾನ್ಹೇರಿ ಶಾಸನದ ಭಾಷೆ ಸಂಸ್ಕೃತ, ದಾನಿ ಗೌಡದವನು, ಗುಹೆ ಬೌದ್ಧರದು. ಅದನ್ನು ಯಾರೊಬ್ಬರ ಹಕ್ಕುಪತ್ರವನ್ನಾಗಿ ಮಾಡಲು ಬರುವುದಿಲ್ಲ. ಗಡಿಯ ಎರಡೂ ಕಡೆ ಶಾಸನಗಳನ್ನು ಪಹಣಿಯಂತೆ ಬೀಸುವವರು ಇದನ್ನು ಮರೆಯುತ್ತಾರೆ.

ಹಾಗೆಂದು ಹಿಂದಿನದೆಲ್ಲವೂ ಸೌಹಾರ್ದವೇ ಆಗಿತ್ತೆಂದು ಹೇಳುವುದೂ ಆತ್ಮವಂಚನೆ. 1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಇದೇ ಊರಿನಲ್ಲಿ ಕೊಲೆಯಾದರು. 1984ರ ಭಿವಂಡಿ ಗಲಭೆಯ ಉರಿ ಠಾಣೆಯನ್ನೂ ಮುಟ್ಟಿತು. ಸಹಬಾಳ್ವೆ ಪಿತ್ರಾರ್ಜಿತ ಆಸ್ತಿಯಲ್ಲ. ಪ್ರತಿ ತಲೆಮಾರೂ ದುಡಿದು ಗಳಿಸಬೇಕಾದದ್ದು.

ಪರಭಾಷೆಯ ನೆರೆಯಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಮಾತು ಇತರರಿಗಿಂತ ಬೇಗ ತಿಳಿಯಬೇಕು. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಯಲ್ಲಿ ನೃಪತುಂಗನ ಹೆಸರು ಹೇಳಿದರೆ ಸಾಲದು. ಒಂದು ಭಾನುವಾರ ಮಕ್ಕಳನ್ನು ಕಾನ್ಹೇರಿಗೂ ಮಾಸುಂದಾ ಕೆರೆಗೂ ಕರೆದೊಯ್ಯಲಿ. ಜೊತೆಗೆ ಪಕ್ಕದ ಮನೆಯ ಮರಾಠಿ ಮಕ್ಕಳನ್ನೂ ಕರೆಯಲಿ. ಆ ಶಾಸನ ಅವರಿಗೂ ಸೇರಿದ್ದು.