ಆಜೀವ ಪದವಿಯೂ ಉತ್ತರದಾಯಿತ್ವವೂ

ಅಧಿಕಾರವನ್ನು ಕೊಟ್ಟವರಿಗೆ ಅದರ ಲೆಕ್ಕವನ್ನು ಕೇಳುವ ಹಕ್ಕೂ ಇರಬೇಕೆಂಬುದು ಲೋಕವ್ಯವಹಾರದ ಮೊದಲ ಪಾಠ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ವಿಷಯದಲ್ಲಿ ಈ ಪಾಠವನ್ನು ಮರೆಯಲಾಗಿದೆ. ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳು 65ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಅಲ್ಲಿಯ ಒಂಬತ್ತು ಮಂದಿಗೆ ನಿವೃತ್ತಿಯ ವಯಸ್ಸೇ ಇಲ್ಲ. ಸನ್ನಡತೆ ಇರುವವರೆಗೆ ಎಂಬ ಸಂವಿಧಾನದ ಮಾತು ಆಚರಣೆಯಲ್ಲಿ ಆಯುಷ್ಯ ಇರುವವರೆಗೆ ಎಂದಾಗಿದೆ.

ಈ ಏರ್ಪಾಡಿನ ಮೂಲೋದ್ದೇಶ ಉದಾತ್ತವಾದುದೇ. ವಸಾಹತುಗಳ ಕಾಲದಲ್ಲಿ ನ್ಯಾಯಾಧೀಶರು ಇಂಗ್ಲೆಂಡಿನ ದೊರೆಯ ಮರ್ಜಿಯನ್ನು ಕಾಯಬೇಕಾಗಿತ್ತು. ಆ ಭಯವನ್ನು ನೀಗಿಸಲೆಂದು 1787ರ ಸಂವಿಧಾನಕರ್ತರು ಆಜೀವ ಪದವಿಯನ್ನು ಕಲ್ಪಿಸಿದರು. ಆದರೆ ಭಯದಿಂದ ಬಿಡುಗಡೆ ಬೇರೆ, ಲೆಕ್ಕದಿಂದ ಬಿಡುಗಡೆ ಬೇರೆ. ಮೊದಲನೆಯದು ನ್ಯಾಯದ ರಕ್ಷಣೆಗಾಗಿ. ಎರಡನೆಯದು ಕೇವಲ ನ್ಯಾಯಮೂರ್ತಿಯ ಅನುಕೂಲಕ್ಕಾಗಿ.

ದೋಷಾರೋಪಣೆಯ ಮಾರ್ಗವಿದೆಯಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. 1804ರಲ್ಲಿ ಸ್ಯಾಮ್ಯುಯೆಲ್ ಚೇಸ್ ಎಂಬ ನ್ಯಾಯಮೂರ್ತಿಯ ಮೇಲೆ ಪ್ರತಿನಿಧಿ ಸಭೆ ದೋಷಾರೋಪಣೆ ಹೊರಿಸಿತು. 1805ರಲ್ಲಿ ಸೆನೆಟ್ ಅವರನ್ನು ಬಿಡುಗಡೆ ಮಾಡಿತು. ಈ ನ್ಯಾಯಾಲಯದ ಬೇರಾವ ನ್ಯಾಯಮೂರ್ತಿಯೂ ಅಂಥ ವಿಚಾರಣೆಯನ್ನು ಎದುರಿಸಿಲ್ಲ. ಎರಡು ಶತಮಾನಗಳಿಂದ ತುಕ್ಕು ಹಿಡಿದಿರುವ ಬೀಗವನ್ನು ಕಾವಲೆನ್ನಬಹುದೆ?

1969ರಲ್ಲಿ ಏಬ್ ಫೋರ್ಟಾಸ್ ರಾಜೀನಾಮೆ ಕೊಟ್ಟರು. ಒಬ್ಬ ಹಣವಂತನ ಪ್ರತಿಷ್ಠಾನದಿಂದ ವರ್ಷಕ್ಕೆ 20,000 ಡಾಲರಿನಂತೆ ಜೀವನಪರ್ಯಂತ ಪಡೆಯುವ ಒಪ್ಪಂದವನ್ನು ಅವರು ಮಾಡಿಕೊಂಡಿದ್ದುದು ಬಯಲಾಗಿತ್ತು. ಮೊದಲ ಕಂತನ್ನು ಅವರು ಹಿಂದಿರುಗಿಸಿದ್ದರೂ ಲೋಕಾಪವಾದಕ್ಕೆ ಅಂಜಿ ಪದವಿಯನ್ನು ತ್ಯಜಿಸಬೇಕಾಯಿತು. ಈಗ ಆ ಅಂಜಿಕೆಯೂ ಉಳಿದಂತಿಲ್ಲ. ಕ್ಲಾರೆನ್ಸ್ ಥಾಮಸ್ ಅವರು ಶ್ರೀಮಂತ ಮಿತ್ರರೊಬ್ಬರ ವೆಚ್ಚದಲ್ಲಿ ಅನೇಕ ವರ್ಷಗಳ ಕಾಲ ವಿಲಾಸಯಾತ್ರೆಗಳನ್ನು ಕೈಗೊಂಡು ಅವನ್ನು ಘೋಷಿಸದಿದ್ದುದು 2023ರಲ್ಲಿ ವರದಿಯಾಯಿತು. ಆಪ್ತರ ಆತಿಥ್ಯವನ್ನು ಘೋಷಿಸಬೇಕಿಲ್ಲವೆಂದು ತಮಗೆ ಸಲಹೆ ದೊರೆತಿತ್ತೆಂಬುದು ಅವರ ಉತ್ತರ. ಹಾಗೆಂದು ಒಪ್ಪಿದರೂ, ಆತಿಥ್ಯವು ಎಲ್ಲಿ ಮುಗಿದು ಋಣವು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಉಂಡವರೇ ನಿರ್ಣಯಿಸುವುದು ಯುಕ್ತವೆ?

2023ರ ನವೆಂಬರಿನಲ್ಲಿ ಒಂಬತ್ತು ಮಂದಿಯೂ ಸಹಿ ಹಾಕಿ ನೀತಿಸಂಹಿತೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಉಪದೇಶವುಂಟು, ದೂರನ್ನು ಕೇಳುವವರಿಲ್ಲ, ವಿಚಾರಿಸುವವರಿಲ್ಲ. ಪ್ರಕರಣದಿಂದ ಹಿಂದೆ ಸರಿಯಬೇಕೆ ಎಂಬುದನ್ನು ಆಯಾ ನ್ಯಾಯಮೂರ್ತಿಯೇ ತೀರ್ಮಾನಿಸುತ್ತಾರೆ. ಕೆಳಗಿನ ಫೆಡರಲ್ ನ್ಯಾಯಾಧೀಶರ ಮೇಲಣ ದೂರುಗಳನ್ನು ವಿಚಾರಿಸಲು 1980ರ ಶಾಸನವಿದೆ; ಅದು ಸರ್ವೋಚ್ಚ ನ್ಯಾಯಾಲಯಕ್ಕೆ ಅನ್ವಯಿಸುವುದಿಲ್ಲ. ಗುಮಾಸ್ತನ ಲೆಕ್ಕವನ್ನು ತನಿಖೆ ಮಾಡಿ ಯಜಮಾನನ ತಿಜೋರಿಯನ್ನು ಮುಟ್ಟದ ಪರಿಶೋಧನೆ ಎಂಥದು?

ತನಿಖೆಯಿಂದ ಸ್ವಾತಂತ್ರ್ಯಕ್ಕೆ ಧಕ್ಕೆಯೆಂಬ ವಾದ ನಿಲ್ಲುವಂಥದಲ್ಲ. ತೀರ್ಪಿನ ಬಗೆಗೆ ನ್ಯಾಯಮೂರ್ತಿಯನ್ನು ಯಾರೂ ದಂಡಿಸಬಾರದು. ಕಾಣಿಕೆಯ ಬಗೆಗೆ ಮಾತ್ರ ಅವರು ಉತ್ತರಿಸಲೇಬೇಕು. ಅನ್ಯ ನ್ಯಾಯಾಧೀಶರ ಮಂಡಲಿಯೊಂದು ದೂರುಗಳನ್ನು ವಿಚಾರಿಸಿದರೆ ಸರಕಾರದ ಹಸ್ತಕ್ಷೇಪಕ್ಕೆ ಎಡೆಯೆಲ್ಲಿ? ಕಡ್ಡಾಯದ ನೀತಿಸಂಹಿತೆಯನ್ನೂ 18 ವರ್ಷಗಳ ಅವಧಿಯನ್ನೂ ಅಧ್ಯಕ್ಷ ಬೈಡನ್ 2024ರಲ್ಲಿ ಸೂಚಿಸಿದ್ದರು. ಅವಧಿಯ ಪ್ರಶ್ನೆಗೆ ಸಂವಿಧಾನದ ತಿದ್ದುಪಡಿ ಬೇಕೆನ್ನುವವರುಂಟು. ಲೆಕ್ಕವೊಪ್ಪಿಸುವುದಕ್ಕೆ ಅಷ್ಟು ಕಾಯಬೇಕಾದುದಿಲ್ಲ.

ಪರರನ್ನು ತೂಗುವ ತಕ್ಕಡಿಯೇ ಮೊದಲು ಪರೀಕ್ಷೆಗೆ ಒಳಗಾಗತಕ್ಕದ್ದು. ಪರೀಕ್ಷೆಯನ್ನು ನಿರಾಕರಿಸುವ ತಕ್ಕಡಿ ಎಷ್ಟು ಎತ್ತರದಲ್ಲಿ ತೂಗುತ್ತಿದ್ದರೂ ಅದರ ತೂಕವನ್ನು ಜನರು ನಂಬಲಾರರು.