ಡಿಸ್ಕಸ್ ಮೀನು: ಮೊದಲು ನೀರು ನೋಡಿ, ಆಮೇಲೆ ದುಡ್ಡು ಹಾಕಿ



ಈ ತಿಂಗಳಲ್ಲಿ ನಮ್ಮ ಕಡೆ ಮೂರು ಜನ ಹುಡುಗರು ಒಂದೇ ಪ್ರಶ್ನೆ ಕೇಳಿದ್ರು: "ಅಣ್ಣ, ಡಿಸ್ಕಸ್ ಮೀನು ಸಾಕಿದ್ರೆ ತೆಂಗಿಗಿಂತ ಲಾಭವಂತೆ, ಹೌದಾ?" ಜೋಡಿ ಮೀನು, ಗಾಜಿನ ತೊಟ್ಟಿ ಎಲ್ಲಾ ನಾವೇ ಕೊಡ್ತೀವಿ, ಮರಿ ವಾಪಸ್ ಕೊಂಡ್ಕೋತೀವಿ ಅಂತ ಯಾರೋ ಹೇಳ್ಕೊಂಡು ಓಡಾಡ್ತಿದ್ದಾರಂತೆ. ಒಬ್ಬ ಹುಡುಗ ಚಿನ್ನ ಅಡ ಇಡೋಕೆ ಹೊರಟಿದ್ದಾನೆ. ಅದಕ್ಕೇ ಇದನ್ನ ಬರೀತಿದ್ದೀನಿ.

ನಮ್ಮ ಮನೇಲಿ ನಾಲ್ಕು ವರ್ಷದಿಂದ ಆರು ಡಿಸ್ಕಸ್ ಇವೆ. ತಟ್ಟೆ ಹಾಗೆ ದುಂಡಗೆ, ನೋಡ್ತಾ ಕೂತ್ರೆ ದಣಿವು ಹೋಗುತ್ತೆ. ಸಾಕಬೇಡಿ ಅಂತ ನಾನು ಹೇಳಲ್ಲ. ಆದ್ರೆ ಸಾಕೋದು ಬೇರೆ, ಮರಿ ಮಾಡಿಸಿ ಸಾಲ ತೀರಿಸೋದು ಬೇರೆ.

ಇದರ ತವರು ಅಮೆಜಾನ್ ನದಿ. ಅಲ್ಲಿನ ನೀರು ಮಳೆ ನೀರಿನಷ್ಟೇ ಮೆದು, ಸ್ವಲ್ಪ ಹುಳಿ ಗುಣದ್ದು, ವರ್ಷಪೂರ್ತಿ ಬೆಚ್ಚಗೆ. ತೊಟ್ಟೀಲಿ 28ರಿಂದ 30 ಡಿಗ್ರಿ ಇರಬೇಕು. ನಮ್ಮ ಬೋರ್ ನೀರು ಹೇಗಿದೆ? ಡ್ರಿಪ್ ಪೈಪಿನ ತೂತಿಗೆ ಬಿಳಿ ಸುಣ್ಣ ಕಟ್ಟುತ್ತಲ್ಲ, ಅದೇ ಉತ್ತರ. ನಮ್ಮ ತೋಟದ ಬೋರಲ್ಲಿ ಟಿಡಿಎಸ್ 900 ದಾಟಿದೆ. ತೊಟ್ಟೀಲೇ ಹುಟ್ಟಿ ಬೆಳೆದ ತಳಿಗಳು ತಕ್ಕಮಟ್ಟಿಗೆ ಗಡಸು ನೀರನ್ನ ತಡ್ಕೊಳ್ತವೆ. ಮೊಟ್ಟೆ ತಡ್ಕೊಳ್ಳಲ್ಲ. ಗಡಸು ನೀರಲ್ಲಿ ಮೊಟ್ಟೆ ಬಿಳಿಯಾಗಿ ಬೂಷ್ಟು ಹಿಡಿಯೋದೇ ಹೆಚ್ಚು.

ಆರ್‌ಓ ಹಾಕಿದ್ರಾಯ್ತು ಅಂತಾರೆ. ಮನೆ ಆರ್‌ಓನಲ್ಲಿ ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಆಚೆ ಹೋಗುತ್ತೆ. ಮರಿ ಇರೋ ತೊಟ್ಟಿಗೆ ದಿನಾ ನೀರು ಬದಲಾಯಿಸಬೇಕು. ಬೇಸಿಗೇಲಿ ಗಿಡಕ್ಕೇ ನೀರು ಸಾಲದ ಊರಲ್ಲಿ ಈ ಲೆಕ್ಕ ಯಾರಾದ್ರೂ ಹಾಕಿದ್ದೀರಾ?

ಮರಿ ಸಾಕೋದೂ ಕೋಳಿ ಮರಿ ಸಾಕಿದಂಗಲ್ಲ. ಈಜೋಕೆ ಶುರು ಮಾಡಿದ ಮರಿ ಮೊದಲು ತಿನ್ನೋದು ತಾಯಿ ತಂದೆ ಮೈಮೇಲಿನ ಲೋಳೆ. ಕರು ಕೆಚ್ಚಲಿಗೆ ಬಿದ್ದಂಗೆ ಇಬ್ಬರ ಮೈಗೂ ಅಂಟಿಕೊಂಡಿರ್ತವೆ. ಜೋಡಿ ಬೆದರಿದ್ರೆ ಮೊಟ್ಟೇನೂ ತಿಂದ್ಬಿಡುತ್ತೆ, ಮರೀನೂ ತಿನ್ನುತ್ತೆ. ಮಾಗಿ ಚಳೀಲಿ ರಾತ್ರಿಯೆಲ್ಲಾ ಕರೆಂಟ್ ಹೋದ್ರೆ ಹೀಟರೂ ಇಲ್ಲ, ಗಾಳಿ ಪಂಪೂ ಇಲ್ಲ.

ಇನ್ನೊಂದು ವಿಷಯ ಮಾರೋರು ಹೇಳಲ್ಲ. ಮೀನಿನ ಹಿಕ್ಕೆ, ಮಿಕ್ಕ ಆಹಾರ ಅಮೋನಿಯಾ ಆಗುತ್ತೆ. ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ಯೂರಿಯಾ ಹಾಕಿದ ಮಣ್ಣಲ್ಲಿ ನಡೆಯೋದೂ ಇದೇ ಕೆಲಸ. ಹೊಸ ತೊಟ್ಟೀಲಿ ಈ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಮೀನು ಎರಡೂ ಒಂದೇ ದಿನ ಮನೆಗೆ ಬಂದ್ರೆ ಮೀನು ಸಾಯೋ ಸಂಭವವೇ ಜಾಸ್ತಿ. ಪಿಎಚ್ ಜಾಸ್ತಿ ಇರೋ ನೀರಲ್ಲಿ ಅಮೋನಿಯಾ ಇನ್ನೂ ವಿಷ.

ವಾಪಸ್ ಕೊಂಡ್ಕೋತೀವಿ ಅನ್ನೋ ಮಾತು ಹೊಸದಲ್ಲ. ತಮಿಳುನಾಡಿನ ಪೆರುಂದುರೈ ಕಡೆ ಎಮು ಸಾಕಿಸಿದ್ದೂ ಇದೇ ಮಾತಿನ ಮೇಲೆ. 2012ರಲ್ಲಿ ಆ ವ್ಯವಹಾರ ಬಿದ್ದಾಗ ರೈತರ ಕೈಲಿ ಉಳಿದದ್ದು ಮೇವು ಕೇಳೋ ಹಕ್ಕಿ ಮಾತ್ರ. ಕೊಳ್ಳೋನು ಒಬ್ಬನೇ ಇದ್ದರೆ ರೇಟು ಅವನದ್ದೇ, ಬಾಗಿಲು ಹಾಕೋದೂ ಅವನಿಷ್ಟ.

ಹಾಗಾದ್ರೆ ಏನ್ ಮಾಡೋದು? ಆಸೆ ಇದ್ರೆ 250 ಲೀಟರ್‌ನ ಒಂದು ತೊಟ್ಟಿ, ಐದಾರು ಮರಿ ತನ್ನಿ. ಒಂಟಿಯಾಗಿಟ್ರೆ ಬೆದರಿ ಮೇವು ಬಿಡ್ತವೆ. ಮಾಳಿಗೆ ಮಳೆ ನೀರು ಹಿಡಿದು ಬೋರ್ ನೀರಿಗೆ ಬೆರೆಸಿ. ಬರೀ ಮಳೆ ನೀರಲ್ಲಿ ಪಿಎಚ್ ದಿಢೀರ್ ಬೀಳುತ್ತೆ. ತೊಟ್ಟಿಯಿಂದ ತೆಗೆದ ನೀರು ತರಕಾರಿ ಮಡಿಗೆ ಒಳ್ಳೇದು, ಉಪ್ಪು ಔಷಧಿ ಹಾಕಿದ್ರೆ ಮಾತ್ರ ಬೇಡ. ಒಂದು ವರ್ಷ ಹೀಗೆ ಸಾಕಿ, ಪೇಟೆ ಅಂಗಡಿಯೋರು ಮರಿಗೆ ಏನು ಕೊಡ್ತಾರೆ ಅಂತ ನೀವೇ ಹೋಗಿ ಕೇಳಿ. ಆಮೇಲೂ ಲೆಕ್ಕ ಕೂಡಿದ್ರೆ ಮಾಡಿ, ನಾನೇ ಜೊತೆ ನಿಲ್ತೀನಿ.

ಟಿಡಿಎಸ್ ಮೀಟರ್ ಇಲ್ಲದೋರು ಒಂದು ಬಾಟಲಿ ಬೋರ್ ನೀರು ತೋಟಕ್ಕೆ ತನ್ನಿ. ನೋಡಿ ಹೇಳ್ತೀನಿ, ದುಡ್ಡೇನೂ ಬೇಡ. ಚಿನ್ನ ಮಾತ್ರ ಮನೇಲೇ ಇರ್ಲಿ.