ಕಲ್ಲುಗಳು ಇಲ್ಲೇ ಇವೆ

ನೆಲೆ ತಪ್ಪಿದವರ ನೋವನ್ನು ಬಯಲಿನ ಕಲ್ಲಲ್ಲಿ ಹೇಳುವ ಕಲೆ ನಮ್ಮ ಕಡೆ ಇಲ್ಲ ಎಂಬ ಲೇಖನ ಓದಿ ಬೇಸರವಾಯಿತು. ಲೇಖಕರು ಮಳೆಗಾಲದಲ್ಲಿ ನಂಜನಗೂಡಿಗೆ ಬಂದಿದ್ದಾರೆಯೇ? ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ಹದಿನಾರು ಕಾಲು ಮಂಟಪ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲೂ ಮುಳುಗಿತು. ತಗ್ಗಿನ ಮನೆಗಳವರು ಪಾತ್ರೆ-ಪಡಗ ಹೊತ್ತು ಹೊರಡುತ್ತಾರೆ. ನೀರಿಳಿದರೆ ಕಂಬಗಳೂ ಅಲ್ಲೇ, ಅವರೂ ಅಲ್ಲೇ.

ಇನ್ನು ತಿ.ನರಸೀಪುರ ತಾಲ್ಲೂಕಿನ ತಲಕಾಡು. ಅಲ್ಲಿ ಮರಳು ಊರನ್ನೇ ಜರುಗಿಸಿತು. ನಾವು ಅಲಮೇಲಮ್ಮನ ಶಾಪವೆಂದು ಮಾತು ಮುಗಿಸುತ್ತೇವೆ. ಮಾಧವಮಂತ್ರಿ ಕಟ್ಟೆಯಿಂದ ಹೊಳೆಯ ಹರಿವು ತಗ್ಗಿ ಮರಳು ಬಯಲಾಯಿತೆಂಬ ಸಂಶೋಧಕರ ವಾದವೂ ಮನೆ ಬಿಟ್ಟವರ ಬದುಕೂ ಹೂತೇ ಉಳಿಯುತ್ತವೆ. ವಿಷ್ಣುವರ್ಧನನ ಕಾಲದ ಕೀರ್ತಿನಾರಾಯಣ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಹೊಸ ಶಿಲ್ಪ ಬೇಡವೆನ್ನುತ್ತಿಲ್ಲ. ಮೊದಲು ಆ ಗುಡಿಯ ಪಕ್ಕ, ಮರಳಿಗೆ ಮನೆ ಬಿಟ್ಟುಕೊಟ್ಟವರ ಬಗ್ಗೆ ಒಂದು ಕಲ್ಲು ನಿಲ್ಲಿಸಿ.